ಓದುಗರ ಪ್ರಶ್ನೆ: ಸ್ಕ್ರಬ್ ಅಂದ್ರೆ ಏನು ಮೇಷ್ಟ್ರೇ?

ಈ ಸಲದ ಪತ್ರಗಳಲ್ಲಿ ಸ್ಕ್ರಬ್ ಅನ್ನುವ ಪದ ಮತ್ತೆ ಮತ್ತೆ ಬಂದಿದೆ. ಅಡುಗೆಮನೆ, ಆಸ್ಪತ್ರೆ, ಕಾರ್ಖಾನೆ, ಜಮೀನಿನ ನಕ್ಷೆ, ಎಲ್ಲ ಕಡೆಯಿಂದಲೂ. ಗುಡಿಬಂಡೆ ಕಡೆಯ ಪತ್ರಕ್ಕೆ ತುರ್ತಾಗಿ ಉತ್ತರ ಬೇಕು. ಅದನ್ನೇ ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ನಮ್ಮತ್ತೆಗೆ ಒಂದು ವಾರ ಬಿಡದೆ ಜ್ವರ, ತಲೆನೋವು, ಮೈಕೈ ನೋವು ಇತ್ತು. ಆಸ್ಪತ್ರೆಗೆ ತೋರಿಸಿದಾಗ ಸ್ಕ್ರಬ್ ಟೈಫಸ್ ಅಂದರು. ಮಾತ್ರೆ ತಗೊಂಡು ಈಗ ಹುಷಾರಾಗುತ್ತಿದ್ದಾರೆ. ಆದರೆ ಊರಲ್ಲಿ ಒಬ್ಬರು ಫೋನಿನಲ್ಲಿ ಹುಡುಕಿ, ಸ್ಕ್ರಬ್ ಅಂದರೆ ಉಜ್ಜಿ ತೊಳೆಯೋದು, ಮೈ ಉಜ್ಜಿ ಸ್ನಾನ ಮಾಡದವರಿಗೆ ಬರೋ ಕಾಯಿಲೆ ಇದು ಅಂತ ಹೇಳಿಬಿಟ್ಟಿದ್ದಾರೆ. ಅತ್ತೆ ದಿನಾ ಸ್ನಾನ ಮಾಡೋರು. ಈಗ ಯಾರ ಮನೆಗೂ ಬರಲ್ಲ ಅಂತಿದ್ದಾರೆ. ಇದು ನಿಜಾನಾ? ಅಂಟು ರೋಗವಾ?
— ಓದುಗರೊಬ್ಬರು, ಗುಡಿಬಂಡೆ ತಾಲ್ಲೂಕು

ಉತ್ತರ: ನಿಜ ಅಲ್ಲ ತಾಯಿ. ಅಂಟು ರೋಗವೂ ಅಲ್ಲ. ಮುಟ್ಟಿದರೆ, ಜೊತೆಯಲ್ಲಿ ಊಟ ಮಾಡಿದರೆ, ಒಂದೇ ಚಾಪೆಯಲ್ಲಿ ಮಲಗಿದರೆ ಒಬ್ಬರಿಂದ ಒಬ್ಬರಿಗೆ ಬರುವುದಿಲ್ಲ. ಇಷ್ಟನ್ನು ಮೊದಲು ನಿಮ್ಮತ್ತೆಗೆ ಓದಿ ಹೇಳಿ. ಆಮೇಲೆ ಆ ಫೋನ್ ನೋಡಿದವರಿಗೂ ಹೇಳಿ.

ಇಂಗ್ಲಿಷಿನಲ್ಲಿ ಸ್ಕ್ರಬ್ ಅಂತ ಎರಡು ಬೇರೆ ಬೇರೆ ಪದಗಳಿವೆ. ಬರೆಯುವುದೂ ಒಂದೇ ಥರ, ಹೇಳುವುದೂ ಒಂದೇ ಥರ. ಒಂದು ಉಜ್ಜುವ ಸ್ಕ್ರಬ್, ಹಳೇ ಡಚ್ ಮತ್ತು ಜರ್ಮನ್ ಭಾಷೆಗಳ ಕಡೆಯಿಂದ ಬಂದದ್ದು. ಇನ್ನೊಂದು, ಪೊದೆ ಅನ್ನುವ ಅರ್ಥದ ಶ್ರಬ್ ಪದದ್ದೇ ಮತ್ತೊಂದು ರೂಪ. ಕುಳ್ಳಗೆ ಬೆಳೆದ ಗಿಡಗಂಟೆ, ಮುಳ್ಳುಪೊದೆ, ನಾವು ಕುರುಚಲು ಕಾಡು ಅನ್ನುತ್ತೇವಲ್ಲ, ಅದು. ಕಾಯಿಲೆಯ ಹೆಸರಲ್ಲಿ ಇರುವುದು ಈ ಎರಡನೆಯದು. ಪೊದೆ ಬೆಳೆದ ಜಾಗದಲ್ಲಿ ಓಡಾಡಿದವರಿಗೆ ಬರುತ್ತಿದ್ದ ಜ್ವರವಾದ್ದರಿಂದ ಆ ಹೆಸರು ಬಂತು. ಸ್ನಾನಕ್ಕೂ ಈ ಹೆಸರಿಗೂ ಸಂಬಂಧವೇ ಇಲ್ಲ.

ಕಾಯಿಲೆ ತರುವುದು ಒಂದು ಬ್ಯಾಕ್ಟೀರಿಯಾ. ಒರಿಯೆನ್ಷಿಯಾ ಸುತ್ಸುಗಮುಶಿ ಅಂತ ಅದರ ಹೆಸರು, ಎರಡನೇ ಪದ ಜಪಾನಿ ಭಾಷೆಯದು. ಅದನ್ನು ನಮ್ಮ ಮೈಗೆ ದಾಟಿಸುವುದು ನುಸಿಯ ಮರಿ. ತೆಂಗಿಗೆ ಬೀಳುವ ನುಸಿ ಗೊತ್ತಲ್ವಾ, ಅದರ ದೂರದ ಬಳಗ ಇದು. ಮರಿಯ ಗಾತ್ರ ಸುಮಾರು 0.2 ಮಿಲಿಮೀಟರ್, ಕಣ್ಣಿಗೆ ಕಾಣುವುದೇ ಕಷ್ಟ. ದೊಡ್ಡ ನುಸಿ ಕಚ್ಚುವುದಿಲ್ಲ, ಮರಿ ಮಾತ್ರ ಕಚ್ಚುತ್ತದೆ. ಇಲಿ ಹೆಗ್ಗಣ ಓಡಾಡುವ ಪೊದೆ, ಹುಲ್ಲು, ಬದುವಿನ ಅಂಚಿನಲ್ಲಿ ಅವು ಜಾಸ್ತಿ. ಕಳೆ ಕೀಳಲು, ಹುಲ್ಲು ಕೊಯ್ಯಲು, ಸೌದೆ ತರಲು, ಕುರಿ ಮೇಯಿಸಲು ಹೋಗುವವರಿಗೆ ಮೊದಲು ತಗಲುತ್ತದೆ. ಅಂದರೆ ಇದು ದುಡಿಯುವವರಿಗೆ ಬರುವ ಜ್ವರ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಾಡಿನಲ್ಲಿದ್ದ ಸಾವಿರಾರು ಸೈನಿಕರಿಗೂ ಬಂದಿತ್ತು. ಅವರಿಗೆಲ್ಲ ಸ್ನಾನದ ಅಭ್ಯಾಸ ಇರಲಿಲ್ಲ ಅಂತ ಯಾರೂ ಹೇಳಿಲ್ಲ.

ಈ ಅಂಕಣ ಓದುವ ಉಳಿದವರೂ ಇನ್ನೊಂದು ವಿಷಯ ತಿಳಿದುಕೊಳ್ಳಬೇಕು. ಮಳೆಗಾಲದಲ್ಲಿ ಮತ್ತು ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಬಿಡದ ಜ್ವರ ಬಂದರೆ ಮೈಮೇಲೆ ಒಂದು ಗುರುತು ಹುಡುಕಿ. ಸಿಗರೇಟಿನಿಂದ ಸುಟ್ಟ ಹಾಗೆ ಒಂದು ಕಪ್ಪು ಚಕ್ಕೆ ಇರುತ್ತದೆ. ನೋವೂ ಇರುವುದಿಲ್ಲ, ತುರಿಕೆಯೂ ಇರುವುದಿಲ್ಲ. ಕಂಕುಳು, ತೊಡೆಸಂದು, ಸೊಂಟ, ಎದೆಯ ಕೆಳಗೆ, ಹೀಗೆ ಬಟ್ಟೆ ಮುಚ್ಚಿರುವ ಕಡೆಯೇ ಇರುವುದರಿಂದ ಎಷ್ಟೋ ಸಲ ರೋಗಿಗೇ ಗೊತ್ತಿರುವುದಿಲ್ಲ, ಹೆಂಗಸರು ಸಂಕೋಚಕ್ಕೆ ತೋರಿಸುವುದೂ ಇಲ್ಲ. ದಯವಿಟ್ಟು ತೋರಿಸಿ. ಎಲ್ಲರಿಗೂ ಆ ಗುರುತು ಇರುವುದಿಲ್ಲ, ಇಲ್ಲದಿದ್ದರೆ ರಕ್ತ ಪರೀಕ್ಷೆ ಇದೆ. ಕಚ್ಚಿ ಸುಮಾರು ಹತ್ತು ದಿನದ ಮೇಲೆ ಜ್ವರ ಶುರುವಾಗುತ್ತದೆ, ಆದ್ದರಿಂದ ಹಿಂದಿನ ವಾರಗಳಲ್ಲಿ ಎಲ್ಲೆಲ್ಲಿ ಕೆಲಸಕ್ಕೆ ಹೋಗಿದ್ದಿರಿ ಅಂತ ಡಾಕ್ಟರಿಗೆ ಹೇಳಿ. ಡಾಕ್ಸಿಸೈಕ್ಲಿನ್ ಅನ್ನುವ ಹಳೆಯ, ಕಡಿಮೆ ಬೆಲೆಯ ಔಷಧಕ್ಕೆ ಈ ಕಾಯಿಲೆ ಬಗ್ಗುತ್ತದೆ. ಬೇಗ ಶುರು ಮಾಡಿದರೆ ಎರಡು ಮೂರು ದಿನದಲ್ಲೇ ಜ್ವರ ಇಳಿಯುತ್ತದೆ. ಗರ್ಭಿಣಿಯರಿಗೆ ಅಜಿಥ್ರೋಮೈಸಿನ್ ಕೊಡುತ್ತಾರೆ. ಆದರೆ ಪೆನಿಸಿಲಿನ್ ಗುಂಪಿನ ಮಾತ್ರೆಗಳು ಇದಕ್ಕೆ ನಾಟುವುದಿಲ್ಲ. ಅಂಗಡಿಯಲ್ಲಿ ಕೇಳಿ ಏನೋ ಒಂದು ನುಂಗಿ ದಿನ ಕಳೆದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿನವರೆಗೂ ಹೋಗಿ ಪ್ರಾಣಕ್ಕೇ ಬರಬಹುದು. ಲಸಿಕೆ ಇನ್ನೂ ಇಲ್ಲ.

ಊರವರ ಮಾತಿನಿಂದ ಆಗುವ ದೊಡ್ಡ ಕೆಡುಕು ಇದೇ. ಕೊಳಕಿನಿಂದ ಬರುವ ಕಾಯಿಲೆ ಅಂತ ಹೆಸರು ಬಿದ್ದರೆ ಮುಂದಿನ ಸಲ ಇನ್ನೊಬ್ಬರು ನಾಚಿಕೆಪಟ್ಟು ಆಸ್ಪತ್ರೆಗೆ ತಡವಾಗಿ ಹೋಗುತ್ತಾರೆ. ಹೊಲದಿಂದ ಬಂದ ಕೂಡಲೇ ಬಟ್ಟೆ ಬದಲಾಯಿಸಿ ಸೋಪು ಹಾಕಿ ಸ್ನಾನ ಮಾಡುವುದು ಒಳ್ಳೆಯದು, ಮೈಗೆ ಹತ್ತಿದ ಮರಿ ತೊಳೆದು ಹೋಗುತ್ತದೆ. ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ಬಟ್ಟೆಯನ್ನು ಪೊದೆಯ ಮೇಲೆ ಒಣಹಾಕಬೇಡಿ, ಬರೀ ಹುಲ್ಲಿನ ಮೇಲೆ ಮಲಗಬೇಡಿ. ಇದೆಲ್ಲ ಎಚ್ಚರಿಕೆ. ಇಷ್ಟು ಮಾಡಿದವರಿಗೂ ಒಮ್ಮೊಮ್ಮೆ ಬರುತ್ತದೆ, ಅದರಲ್ಲಿ ಅವರ ತಪ್ಪೇನಿಲ್ಲ.

ಪ್ರಶ್ನೆ: ಸಾರ್, ನಾನು ಕೋಲಾರದಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಆಪರೇಷನ್ ಥಿಯೇಟರಿನಲ್ಲಿ ಕೈ ತೊಳೆಯೋದಕ್ಕೂ ಸ್ಕ್ರಬ್, ಹಾಕೋ ಬಟ್ಟೆಗೂ ಸ್ಕ್ರಬ್ಸ್, ಡಾಕ್ಟರ್ ಪಕ್ಕ ನಿಲ್ಲೋ ಸಿಸ್ಟರಿಗೂ ಸ್ಕ್ರಬ್ ನರ್ಸ್. ಎಲ್ಲಾ ಒಂದೇನಾ?
— ವಿದ್ಯಾರ್ಥಿನಿ, ಕೋಲಾರ

ಉತ್ತರ: ಹೌದಮ್ಮಾ, ಇದೆಲ್ಲ ಉಜ್ಜುವ ಸ್ಕ್ರಬ್ಬೇ. ಮೊದಲು ಬಂದದ್ದು ಕೈ ಉಜ್ಜುವ ಕೆಲಸ. ಹಾಗೆ ಉಜ್ಜಿ ತಯಾರಾದ ನರ್ಸ್ ಸ್ಕ್ರಬ್ ನರ್ಸ್. ಆ ಕೆಲಸಕ್ಕೆ ಹೋಗುವಾಗ ಹಾಕುವ ಬಟ್ಟೆ ಸ್ಕ್ರಬ್ಸ್.

ಕೈ ತೊಳೆಯುವುದರ ಹಿಂದೆ ಒಂದು ನೋವಿನ ಕಥೆ ಇದೆ, ನೀವು ಓದಿರಬಹುದು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್, ಹೆರಿಗೆ ಮಾಡಿಸುವ ಮುಂಚೆ ಎಲ್ಲರೂ ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕು ಅಂತ ನಿಯಮ ಮಾಡಿದರು. ಬಾಣಂತಿಯರ ಸಾವು ಒಮ್ಮೆಲೇ ಇಳಿಯಿತು. ಆದರೂ ಆ ಕಾಲದ ದೊಡ್ಡ ಡಾಕ್ಟರುಗಳಲ್ಲಿ ಬಹಳ ಜನ ಅವರ ಮಾತು ಒಪ್ಪಲಿಲ್ಲ. ಅವರು ಬದುಕಿರುವಾಗ ಅವರಿಗೆ ಸಿಗಬೇಕಾದ ಮರ್ಯಾದೆ ಸಿಗಲೇ ಇಲ್ಲ. ಬೆರಳ ತುದಿಯಿಂದ ಮೊಣಕೈವರೆಗೆ ಉಜ್ಜಿ, ಕೈ ಮೇಲೆತ್ತಿ ಹಿಡಿದು, ನೀರು ಮೊಣಕೈ ಕಡೆಗೆ ಇಳಿಯುವ ಹಾಗೆ ನಿಲ್ಲಿ ಅಂತ ನಿಮಗೆ ಕಲಿಸುತ್ತಾರಲ್ಲ, ಅದರಲ್ಲಿ ಒಂದು ಹೆಜ್ಜೆಯನ್ನೂ ಬಿಡಬೇಡಿ.

ಪ್ರಶ್ನೆ: ಬ್ಯೂಟಿ ಪಾರ್ಲರಿನ ಫೇಸ್ ಸ್ಕ್ರಬ್, ಪಾತ್ರೆ ಉಜ್ಜೋ ಸ್ಕ್ರಬ್ಬರ್, ಇವೆರಡಕ್ಕೂ ಒಂದೇ ಹೆಸರು ಯಾಕೆ?
— ಓದುಗರು, ತಿಪಟೂರು

ಉತ್ತರ: ಎರಡರ ಕೆಲಸವೂ ಉಜ್ಜಿ ತೆಗೆಯುವುದೇ. ಒಂದು ಸತ್ತ ಚರ್ಮ ತೆಗೆಯುತ್ತದೆ, ಇನ್ನೊಂದು ಮುದ್ದೆ ಪಾತ್ರೆಯ ತಳ ಹಿಡಿದದ್ದನ್ನು ತೆಗೆಯುತ್ತದೆ. ಮುಖವನ್ನು ಮಾತ್ರ ಪಾತ್ರೆಯ ಹಾಗೆ ತಿಕ್ಕಬೇಡಿ. ಕೆಲವು ಫೇಸ್ ಸ್ಕ್ರಬ್‌ಗಳಲ್ಲಿ ಸಣ್ಣ ಪ್ಲಾಸ್ಟಿಕ್ ಕಾಳು ಹಾಕುತ್ತಿದ್ದರು. ಅವು ಚರಂಡಿ ಸೇರಿ ಕೆರೆ, ಹೊಳೆ, ಸಮುದ್ರದವರೆಗೂ ಹೋಗುತ್ತವೆ ಅಂತ ಅಮೆರಿಕದಲ್ಲಿ 2015ರಲ್ಲಿ ಕಾನೂನು ಮಾಡಿ ನಿಲ್ಲಿಸಿದರು. ಕೊಳ್ಳುವಾಗ ಪೊಟ್ಟಣದ ಹಿಂದೆ ಪಾಲಿಎಥಿಲಿನ್ ಅಂತ ಇದೆಯಾ ನೋಡಿ, ಅದು ಪ್ಲಾಸ್ಟಿಕ್ಕಿನ ಹೆಸರು. ಕಡಲೆಹಿಟ್ಟು, ಒಣಗಿದ ಹೀರೇಕಾಯಿ ನಾರು ನಮ್ಮಲ್ಲಿ ಮೊದಲಿನಿಂದಲೂ ಇದೆ. ಪಾತ್ರೆಗೆ ನಿಮ್ಮೂರಿನ ತೆಂಗಿನ ನಾರೇ ಸಾಕು, ತಿಪಟೂರಿನಲ್ಲಿದ್ದು ಪ್ಲಾಸ್ಟಿಕ್ ಸ್ಕ್ರಬ್ಬರ್ ಕೊಳ್ಳುವುದು ಯಾಕೆ ಹೇಳಿ?

ಪ್ರಶ್ನೆ: ನಮ್ಮಣ್ಣ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಸ್ಕ್ರಬ್ಬರ್ ನೋಡಿಕೊಳ್ಳೋ ಕೆಲಸಕ್ಕೆ ಸೇರಿದ್ದಾನೆ. ನೆಲ ಉಜ್ಜೋ ಕೆಲಸ ಅಂತ ಅಮ್ಮ ಬೇಜಾರು ಮಾಡಿಕೊಂಡಿದ್ದಾರೆ. ಇನ್ನೊಂದು, ರಾಕೆಟ್ ಉಡಾವಣೆ ಸ್ಕ್ರಬ್ ಆಯ್ತು ಅಂತ ಓದಿದೆ. ಅದೇನು?
— ಪಿಯುಸಿ ವಿದ್ಯಾರ್ಥಿ, ಶಿರಾ

ಉತ್ತರ: ತಮ್ಮಾ, ಅಮ್ಮನಿಗೆ ಸಮಾಧಾನ ಹೇಳು. ನೆಲ ಉಜ್ಜುವ ಯಂತ್ರಕ್ಕೂ ಸ್ಕ್ರಬ್ಬರ್ ಅನ್ನುತ್ತಾರೆ, ನಿಜ, ಆ ಕೆಲಸದಲ್ಲೂ ಕಡಿಮೆ ಅನ್ನುವುದೇನೂ ಇಲ್ಲ. ಆದರೆ ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಹೊಗೆ ತೊಳೆಯುವ ಯಂತ್ರಕ್ಕೆ ಆ ಹೆಸರು. ಹೊಗೆ ಚಿಮಣಿಗೆ ಹೋಗುವ ಮುಂಚೆ ಅದಕ್ಕೆ ನೀರನ್ನೋ ಸುಣ್ಣಕಲ್ಲಿನ ಪುಡಿ ಕಲಸಿದ ನೀರನ್ನೋ ಸಿಂಪಡಿಸುತ್ತಾರೆ. ಕಲ್ಲಿದ್ದಲು ಉರಿಸುವ ಕಡೆ ಬರುವ ಗಂಧಕದ ಡೈಆಕ್ಸೈಡ್ ಸುಣ್ಣಕಲ್ಲಿನ ಜೊತೆ ಸೇರಿ ಕೊನೆಗೆ ಜಿಪ್ಸಂ ಆಗುತ್ತದೆ. ನಿಮ್ಮಣ್ಣ ಆ ಯಂತ್ರವನ್ನು ಸರಿಯಾಗಿ ನೋಡಿಕೊಂಡರೆ ಸುತ್ತಲಿನ ಹಳ್ಳಿಯವರು ಉಸಿರಾಡುವ ಗಾಳಿ ಚೆನ್ನಾಗಿರುತ್ತದೆ.

ಇಂಥದ್ದೇ ಒಂದು ಸ್ಕ್ರಬ್ಬರ್ ಮೂರು ಜನರ ಪ್ರಾಣ ಉಳಿಸಿದ್ದೂ ಇದೆ. 1970ರ ಏಪ್ರಿಲ್‌ನಲ್ಲಿ ಚಂದ್ರನ ಕಡೆ ಹೊರಟಿದ್ದ ಅಪೋಲೋ 13ರಲ್ಲಿ ಆಮ್ಲಜನಕದ ಟ್ಯಾಂಕ್ ಸ್ಫೋಟವಾಯಿತು. ಮೂವರೂ ಚಂದ್ರನ ಮೇಲೆ ಇಳಿಯಲೆಂದು ಇಬ್ಬರಿಗೆ ಮಾಡಿದ್ದ ಸಣ್ಣ ನೌಕೆಗೆ ದಾಟಿದರು. ಅಲ್ಲಿ ಅವರು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಏರತೊಡಗಿತು. ಅದನ್ನು ಹೀರುವ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳು ದೊಡ್ಡ ನೌಕೆಯಲ್ಲಿ ಬೇಕಾದಷ್ಟಿದ್ದವು, ಆದರೆ ಅವು ಚೌಕ, ಸಣ್ಣ ನೌಕೆಯ ಕಿಂಡಿ ಗುಂಡಗೆ. ಭೂಮಿಯಲ್ಲಿದ್ದ ಎಂಜಿನಿಯರುಗಳು ನೌಕೆಯೊಳಗೆ ಇರುವ ಸಾಮಾನಿನಿಂದಲೇ, ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಅಂಟುಪಟ್ಟಿ ಸೇರಿಸಿ ಎರಡನ್ನೂ ಜೋಡಿಸುವ ದಾರಿ ಕಂಡುಹಿಡಿದು ರೇಡಿಯೋದಲ್ಲಿ ಹೇಳಿಕೊಟ್ಟರು. ಮೂವರೂ ಕ್ಷೇಮವಾಗಿ ಮನೆಗೆ ಬಂದರು. ನನಗೆ ತುಂಬಾ ಇಷ್ಟವಾದ ಪ್ರಸಂಗ ಇದು, ಅದಕ್ಕೇ ಸ್ವಲ್ಪ ಉದ್ದವಾಯಿತು.

ಉಡಾವಣೆ ಸ್ಕ್ರಬ್ ಆಯಿತು ಅಂದರೆ ಆ ದಿನಕ್ಕೆ ರದ್ದಾಯಿತು ಅಂತ. 2019ರ ಜುಲೈ 15ರಂದು ಚಂದ್ರಯಾನ-2ರ ಉಡಾವಣೆಯನ್ನು ಇನ್ನು 56 ನಿಮಿಷ ಇರುವಾಗ ನಿಲ್ಲಿಸಿದರಲ್ಲ, ಅಂಥದ್ದು. ಜುಲೈ 22ಕ್ಕೆ ಹಾರಿಸಿದರು.

ಪ್ರಶ್ನೆ: ನಮ್ಮೂರ ಗುಡ್ಡದ ಮಗ್ಗುಲಿನ ಜಾಗವನ್ನು ಒಂದು ನಕ್ಷೆಯಲ್ಲಿ ಸ್ಕ್ರಬ್ ಲ್ಯಾಂಡ್ ಅಂತ ತೋರಿಸಿದ್ದಾರೆ. ಕೆಲಸಕ್ಕೆ ಬಾರದ ಜಾಗ ಅಂತ ಅರ್ಥವೇ? ಕೆಲವರು ಸ್ಕ್ರಬ್ ಟೈಫಸ್ ಜ್ವರದ ಸುದ್ದಿ ಕೇಳಿ ಗುಡ್ಡಕ್ಕೆ ಬೆಂಕಿ ಇಡೋಣ ಅಂತಿದ್ದಾರೆ.
— ಕುರಿ ಸಾಕುವವರು, ಮಧುಗಿರಿ ತಾಲ್ಲೂಕು

ಉತ್ತರ: ಬೆಂಕಿ ಮಾತ್ರ ಇಡಬೇಡಿ ಅಣ್ಣಾ.

ಇಲ್ಲಿರುವುದು ಎರಡನೇ ಸ್ಕ್ರಬ್, ಕುರುಚಲು. ದೇಶದ ಬಂಜರು ಭೂಮಿಯ ನಕ್ಷೆಗಳಲ್ಲಿ ಕುರುಚಲು ಇರುವ ಜಾಗ ಅಂತ ಒಂದು ವಿಭಾಗವೇ ಇದೆ. ಅದರಿಂದಾಗಿ ಕುರುಚಲು ಅಂದರೆ ಪಾಳು ಅನ್ನುವ ಭಾವನೆ ಕಚೇರಿಗಳಲ್ಲಿ ಕೂತುಬಿಟ್ಟಿದೆ. ನಾನು ಇದನ್ನು ಒಪ್ಪುವುದಿಲ್ಲ. ಮಳೆ ಕಡಿಮೆ ಇರುವ, ಬಂಡೆ ಜಾಸ್ತಿ ಇರುವ ನಮ್ಮ ಸೀಮೆಯಲ್ಲಿ ಅದೇ ಸಹಜವಾದ ಕಾಡು. ತಂಗಡಿ, ಕಾರೆ, ಎಲಚಿ, ಸೀತಾಫಲ ಬೆಳೆಯುವುದು ಅಲ್ಲಿ, ನಿಮ್ಮ ಕುರಿ ಮೇಕೆ ಬದುಕುವುದು ಅಲ್ಲಿ. ನಿಮ್ಮ ತಾಲ್ಲೂಕಿನ ಮೈದನಹಳ್ಳಿಯಲ್ಲೇ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಇದೆಯಲ್ಲ, ಸುಮಾರು 800 ಎಕರೆ. ಹುಲ್ಲು ಕುರುಚಲು ಉಳಿದಿರುವುದರಿಂದ ಕೃಷ್ಣಮೃಗ ಉಳಿದಿದೆ. ನಂದಿಬೆಟ್ಟ, ದೇವರಾಯನದುರ್ಗದ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರ ಅಂತ ಒಂದು ಹಕ್ಕಿ ಇದೆ. ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅದಕ್ಕೂ ಈ ಕುರುಚಲೇ ಬೇಕು.

ಜ್ವರದ ಭಯ ಇದ್ದರೆ ಮನೆ ಮತ್ತು ಕೊಟ್ಟಿಗೆಯ ಸುತ್ತಲಿನ ಪೊದೆ, ಎತ್ತರದ ಹುಲ್ಲು ಸವರಿ, ಇಲಿ ಕಡಿಮೆ ಮಾಡಿ. ಸಾಕು. ಗುಡ್ಡ ಸುಟ್ಟರೆ ಮೇವೂ ಹೋಗುತ್ತದೆ, ಮುಂದಿನ ಮಳೆಗೆ ಮಣ್ಣೂ ಕೊಚ್ಚಿಹೋಗುತ್ತದೆ. ಇನ್ನು ಆ ನಕ್ಷೆಯ ವಿಚಾರ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ ಪ್ರಾಣಿಗಳ ದಾಖಲೆ ಪುಸ್ತಕವನ್ನು ಅದು ಬರೆಸಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ಕೇಳಿ. ಗುಡ್ಡದಲ್ಲಿ ಯಾವ ಗಿಡ ಇದೆ, ಯಾವ ಕಾಲಕ್ಕೆ ಯಾವ ಮೇವು ಸಿಗುತ್ತದೆ, ಎಷ್ಟು ಮನೆಯವರ ಕುರಿ ಅಲ್ಲಿ ಮೇಯುತ್ತವೆ ಅಂತ ಹೇಳಿ ಬರೆಸಿ. ಇಷ್ಟೆಲ್ಲ ನಿಮಗಿಂತ ಚೆನ್ನಾಗಿ ಗೊತ್ತಿರುವವರು ಊರಲ್ಲಿ ಬೇರೆ ಯಾರೂ ಇರುವುದಿಲ್ಲ.