ಗ್ರಂಥಾಲಯದಲ್ಲಿ ವಿಡಿಯೊ ಗೇಮ್ ಸಲ್ಲದೇ?

ಪ್ರಶ್ನೆ: ನಾನು ಉಡುಪಿ ಸಮೀಪದ ಗ್ರಾಮ ಪಂಚಾಯತ್ ಅರಿವು ಕೇಂದ್ರದ (ಗ್ರಂಥಾಲಯದ) ಮೇಲ್ವಿಚಾರಕಿ. ಎಂಟನೇ ತರಗತಿ ದಾಟಿದ ಮಕ್ಕಳು ಇತ್ತ ಸುಳಿಯುವುದೇ ಇಲ್ಲ. ವಾರಕ್ಕೊಮ್ಮೆ ಕಂಪ್ಯೂಟರಿನಲ್ಲಿ ಆಟ ಆಡಿಸೋಣವೆಂದರೆ ಹಿರಿಯ ಓದುಗರು ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ಧೈರ್ಯವಾಗಿ ಆರಂಭಿಸಿ. ಗ್ರಂಥಾಲಯವು ಬೆಳೆಯುವ ಜೀವಿ ಎಂಬುದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು. ಅಮೆರಿಕದ ಗ್ರಂಥಾಲಯ ಸಂಘವು 2008ರಲ್ಲೇ ಗ್ರಂಥಾಲಯಗಳಿಗಾಗಿ ಆಟದ ದಿನವೊಂದನ್ನು ಆರಂಭಿಸಿತು. ಮುಂದೆ ಅದು ಅನ್ಯ ದೇಶಗಳಿಗೂ ಹಬ್ಬಿತು.

ಆದರೆ ಆಟದ ಆಯ್ಕೆಯಲ್ಲಿ ನಿಮ್ಮ ವಿವೇಕ ಕಾಣಬೇಕು. ಘನಾಕೃತಿಗಳನ್ನು ಜೋಡಿಸಿ ಲೋಕವನ್ನೇ ಕಟ್ಟುವ ಮೈನ್‌ಕ್ರಾಫ್ಟ್‌ನಂತಹ ಆಟದಲ್ಲಿ, ನಾಲ್ಕು ಮಕ್ಕಳ ತಂಡಕ್ಕೆ ಉಡುಪಿಯ ರಥಬೀದಿಯನ್ನು ನಿರ್ಮಿಸಲು ಹೇಳಿದರೆ, ಕೃಷ್ಣಮಠ, ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳು ಎಲ್ಲೆಲ್ಲಿವೆ, ಅಷ್ಟಮಠಗಳ ಸಾಲು ಹೇಗಿದೆ ಎಂಬುದನ್ನು ಅವರು ಹುಡುಕಲೇಬೇಕಾಗುತ್ತದೆ. ಆ ಹೊತ್ತಿಗೆ ಸ್ಥಳೀಯ ಇತಿಹಾಸದ ಪುಸ್ತಕಗಳು, ಹಳೆಯ ಚಿತ್ರಗಳು, ನಕಾಶೆಗಳು ಪಕ್ಕದ ಮೇಜಿನ ಮೇಲೆ ತೆರೆದಿರಲಿ. ಪುಸ್ತಕವನ್ನು ಬಲವಂತವಾಗಿ ಕೈಗಿಡುವುದಕ್ಕಿಂತ ಇದು ಎಷ್ಟೋ ಮೇಲು ಎಂದು ನಾನು ನಂಬುತ್ತೇನೆ. ಆಟದ ನಿಯಮಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುವ ಕೆಲಸವನ್ನೂ ಅವರಿಗೇ ವಹಿಸಿ.

ಹಣವನ್ನು ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಅವು ಹತ್ತಿರವೂ ಬರಕೂಡದು. ವಯಸ್ಸಿನ ಸೂಚನೆಯನ್ನು ನೋಡಿಯೇ ಆಟ ಆರಿಸಿ. ಹಿರಿಯರ ಆಕ್ಷೇಪ ಬಹುಶಃ ಸದ್ದಿನದು. ಅವರ ಓದಿನ ವೇಳೆ ಮುಗಿದ ಮೇಲೆ ಶನಿವಾರ ಮಧ್ಯಾಹ್ನ ಆಡಿಸಿ, ಮೊದಲ ದಿನ ಅವರನ್ನೂ ನೋಡಲು ಕರೆಯಿರಿ.