ಓದುಗರ ಪ್ರಶ್ನೆ, ತಜ್ಞರ ಉತ್ತರ: ಇಆರ್‌ಪಿಗೆ ಯಾವ ಡೇಟಾಬೇಸ್, ಯಾವ ಆಪರೇಟಿಂಗ್ ಸಿಸ್ಟಂ?

ಪ್ರಶ್ನೆ: ಲೆಕ್ಕಪತ್ರ, ದಾಸ್ತಾನು, ಖರೀದಿ ಮತ್ತು ಸಂಬಳದ ಕೆಲಸಗಳನ್ನು ಒಂದೇ ಇಆರ್‌ಪಿ ತಂತ್ರಾಂಶದಡಿ ತರಲು ನಮ್ಮ ಸಂಸ್ಥೆ ತೀರ್ಮಾನಿಸಿದೆ. ಸುಮಾರು 200 ಮಂದಿ ಅದನ್ನು ಬಳಸಲಿದ್ದಾರೆ. ವಿಂಡೋಸ್ ಮೇಲೆ ಎಸ್‌ಕ್ಯೂಎಲ್ ಸರ್ವರ್, ಲಿನಕ್ಸ್ ಮೇಲೆ ಒರಾಕಲ್ ಅಥವಾ ಪೋಸ್ಟ್‌ಗ್ರೆಸ್, ಈ ಮೂರರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದೆಂದು ತಂತ್ರಾಂಶದವರು ಹೇಳುತ್ತಾರೆ. ವೇಗದ ದೃಷ್ಟಿಯಿಂದ ಯಾವುದು ಉತ್ತಮ?

ಉತ್ತರ: 200 ಮಂದಿಯ ಹೊರೆಯನ್ನು ಮೂರೂ ಸಲೀಸಾಗಿ ಹೊರಬಲ್ಲವು. ಇಆರ್‌ಪಿ ನಿಧಾನವಾಗಿದೆ ಎಂಬ ದೂರಿನ ಬೆನ್ನು ಹತ್ತಿದರೆ ಸಾಮಾನ್ಯವಾಗಿ ಸಿಗುವುದು ಇಂಡೆಕ್ಸ್ (ದಾಖಲೆಯನ್ನು ಬೇಗ ಹುಡುಕಲು ನೆರವಾಗುವ ಸೂಚಿ) ಇಲ್ಲದ ಟೇಬಲ್, ಇಲ್ಲವೇ ಒಂದು ತಿಂಗಳ ವರದಿಗಾಗಿ ಎಲ್ಲ ವರ್ಷಗಳ ದಾಖಲೆಗಳನ್ನೂ ಓದುವ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ. ಡೇಟಾಬೇಸ್ ಬದಲಿಸಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ. ಆದ್ದರಿಂದ ವೇಗವನ್ನು ಬದಿಗಿಟ್ಟು, ತಂತ್ರಾಂಶದವರ ಭರವಸೆಗೆ ಎಷ್ಟು ತೂಕವಿದೆ ಎಂಬುದನ್ನು ನೋಡಿ. ಯಾವ ಆಪರೇಟಿಂಗ್ ಸಿಸ್ಟಂನ ಯಾವ ಆವೃತ್ತಿಯ ಮೇಲೆ ಯಾವ ಡೇಟಾಬೇಸಿನ ಯಾವ ಆವೃತ್ತಿಗೆ ಬೆಂಬಲವಿದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅವರ ಪ್ರೋಗ್ರಾಮರ್‌ಗಳು ದಿನನಿತ್ಯ ಯಾವುದರ ಮೇಲೆ ಪರೀಕ್ಷೆ ನಡೆಸುತ್ತಾರೆ, ಹೆಚ್ಚಿನ ಗ್ರಾಹಕರು ಯಾವುದರ ಮೇಲಿದ್ದಾರೆ ಎಂಬುದನ್ನೂ ಕೇಳಿ. ಮೂರನ್ನೂ ಬೆಂಬಲಿಸುತ್ತೇವೆ ಎನ್ನುವವರು ಬಹುಮಟ್ಟಿಗೆ ಒಂದರ ಮೇಲೆ ಬೆಳೆದು ಉಳಿದೆರಡನ್ನು ಆಮೇಲೆ ಸೇರಿಸಿಕೊಂಡವರಾಗಿರುತ್ತಾರೆ. ಆ ಒಂದನ್ನು ಪತ್ತೆ ಮಾಡಿದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ.

ಆಪರೇಟಿಂಗ್ ಸಿಸ್ಟಂ ಅನ್ನು ಮೊದಲು ಆರಿಸುವುದು ನನ್ನ ದೃಷ್ಟಿಯಲ್ಲಿ ತಲೆಕೆಳಗಾದ ಕ್ರಮ. ತಂತ್ರಾಂಶವು ಡೇಟಾಬೇಸನ್ನು ನಿರ್ಧರಿಸುತ್ತದೆ, ಡೇಟಾಬೇಸ್ ಆಪರೇಟಿಂಗ್ ಸಿಸ್ಟಂ ಅನ್ನು ನಿರ್ಧರಿಸುತ್ತದೆ. 2015ರಲ್ಲಿ ಬಂದ ಇಆರ್‌ಪಿ ತಂತ್ರಾಂಶ ಎಸ್‌ಎಪಿ ಎಸ್/4ಹಾನಾ ತನ್ನದೇ ಹಾನಾ ಡೇಟಾಬೇಸಿನ ಮೇಲೆ ಮಾತ್ರ ನಡೆಯುತ್ತದೆ. ಹಾನಾಕ್ಕೆ ಸೂಸೆ ಅಥವಾ ರೆಡ್ ಹ್ಯಾಟ್ ಲಿನಕ್ಸ್ ಬೇಕೇ ಬೇಕು. ಓಡೂ ಎಂಬ ಇನ್ನೊಂದು ಇಆರ್‌ಪಿ ಕೇಳುವುದು ಪೋಸ್ಟ್‌ಗ್ರೆಸ್ಸನ್ನು ಮಾತ್ರ. ಎಸ್‌ಕ್ಯೂಎಲ್ ಸರ್ವರ್ 2017ರ ಆವೃತ್ತಿಯಿಂದ ಲಿನಕ್ಸ್ ಮೇಲೂ ನಡೆಯುತ್ತದೆಯಾದರೂ ನಿಮ್ಮ ತಂತ್ರಾಂಶದವರು ಅದನ್ನು ಪರೀಕ್ಷಿಸಿರದಿದ್ದರೆ ಆ ದಾರಿ ಬೇಡ.

ಖರ್ಚಿನ ವಿಷಯದಲ್ಲಿ ಒಂದು ಎಚ್ಚರಿಕೆ. ಒರಾಕಲ್‌ನ ಎಂಟರ್‌ಪ್ರೈಸ್ ಆವೃತ್ತಿಗೆ ಪ್ರೊಸೆಸರ್ ಲೆಕ್ಕದಲ್ಲಿ ಲೈಸೆನ್ಸ್ ಪಡೆದರೆ ಕೋರ್‌ಗಳನ್ನು (ಪ್ರೊಸೆಸರ್ ಒಳಗಿನ ಗಣನಾ ಘಟಕಗಳನ್ನು) ಎಣಿಸುತ್ತಾರೆ. ವಿಎಂವೇರ್‌ನಂತಹ ವರ್ಚುವಲ್ ವ್ಯವಸ್ಥೆಯಲ್ಲಿ ನೀವು ನಾಲ್ಕೇ ಕೋರ್ ಕೊಟ್ಟಿದ್ದರೂ, ಅಡಿಯಲ್ಲಿರುವ ಭೌತಿಕ ಸರ್ವರ್‌ನ ಕೋರ್‌ಗಳೆಲ್ಲ ಲೆಕ್ಕಕ್ಕೆ ಬರುತ್ತವೆ ಎಂಬುದು ಒರಾಕಲ್‌ನ ನಿಲುವು. ಇದನ್ನು ಖರೀದಿಗೆ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ. ಪೋಸ್ಟ್‌ಗ್ರೆಸ್‌ಗೆ ಲೈಸೆನ್ಸ್ ಶುಲ್ಕವಿಲ್ಲ, ಆದರೆ ಅದನ್ನು ಬಲ್ಲವರಿಗೆ ಸಂಬಳ ಕೊಡಲೇಬೇಕು.

ಬೆಂಬಲ ಮುಗಿಯುವ ದಿನಾಂಕಗಳನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ವಿಂಡೋಸ್ ಸರ್ವರ್ 2012 ಆರ್2 ಆವೃತ್ತಿಯ ಬೆಂಬಲ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಪೋಸ್ಟ್‌ಗ್ರೆಸ್‌ನ ಪ್ರತಿ ಪ್ರಮುಖ ಆವೃತ್ತಿಗೆ ಐದು ವರ್ಷ ಮಾತ್ರ ಬೆಂಬಲ ಸಿಗುತ್ತದೆ. 2029ರವರೆಗೆ ಇರುತ್ತದೆಂದು ನಂಬಲಾಗಿದ್ದ ಸೆಂಟ್‌ಓಎಸ್ 8 ಲಿನಕ್ಸ್ 2021ರ ಕೊನೆಗೇ ನಿಂತಿತು. ತಂತ್ರಾಂಶದವರ ಪರೀಕ್ಷೆಯಲ್ಲಿ ಎರಡು ಆಯ್ಕೆಗಳು ಸಮವಾಗಿ ನಿಂತರೆ, ಮಧ್ಯರಾತ್ರಿ ಡಿಸ್ಕ್ ಕೆಟ್ಟಾಗ ಬ್ಯಾಕಪ್‌ನಿಂದ ದತ್ತಾಂಶವನ್ನು ಮರಳಿ ತರಬಲ್ಲವರು ನಿಮ್ಮಲ್ಲಿ ಯಾವುದಕ್ಕೆ ಇದ್ದಾರೋ ಅದನ್ನೇ ಆರಿಸಿ.

ಪ್ರಶ್ನೆ: ಒರಾಕಲ್ ಮೇಲಿರುವ ನಮ್ಮ ಹಳೆಯ ಬಿಲ್ಲಿಂಗ್ ತಂತ್ರಾಂಶವನ್ನು ಪೋಸ್ಟ್‌ಗ್ರೆಸ್‌ಗೆ ಒಯ್ಯಲು ಟೇಬಲ್‌ಗಳನ್ನು ನಕಲು ಮಾಡಿದರೆ ಸಾಕೇ?

ಉತ್ತರ: ಸಾಲದು. ಟೇಬಲ್‌ಗಳು ಸುಲಭವಾಗಿ ಬರುತ್ತವೆ, ವರ್ತನೆ ಬರುವುದಿಲ್ಲ. ಒರಾಕಲ್ ಖಾಲಿ ಪಠ್ಯವನ್ನು ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಎಂದೇ ಪರಿಗಣಿಸುತ್ತದೆ. ಪಠ್ಯಕ್ಕೆ ನಲ್ ಜೋಡಿಸಿದರೆ ಪಠ್ಯ ಹಾಗೆಯೇ ಉಳಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಕಂಬಿಯ ಚಿಹ್ನೆಯಿಂದ (||) ಅದನ್ನೇ ಜೋಡಿಸಿದರೆ ಫಲಿತಾಂಶವೆಲ್ಲ ನಲ್ ಆಗುತ್ತದೆ. ವಿಳಾಸದ ಮೂರು ಸಾಲುಗಳನ್ನು ಕೂಡಿಸಿ ಬಿಲ್ ಮುದ್ರಿಸುವ ಕ್ವೆರಿಯನ್ನು ಊಹಿಸಿಕೊಳ್ಳಿ: ಎರಡನೆಯ ಸಾಲು ಇಲ್ಲದ ಗ್ರಾಹಕರ ವಿಳಾಸವೇ ಬಿಲ್ಲಿನಿಂದ ಮಾಯವಾಗುತ್ತದೆ, ಯಾವ ದೋಷ ಸಂದೇಶವೂ ಬರುವುದಿಲ್ಲ. ಒರಾಕಲ್‌ನ ಡೇಟ್ ಗಂಟೆ ನಿಮಿಷಗಳನ್ನೂ ಹಿಡಿದಿಡುತ್ತದೆ, ಪೋಸ್ಟ್‌ಗ್ರೆಸ್‌ನದು ದಿನಾಂಕವನ್ನು ಮಾತ್ರ. ಪಿಎಲ್/ಎಸ್‌ಕ್ಯೂಎಲ್ ಪ್ಯಾಕೇಜುಗಳಿದ್ದರೆ (ಒರಾಕಲ್‌ನ ಸ್ವಂತ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಕಟ್ಟುಗಳು) ಅವನ್ನು ಬಿಡಿಸಿ ಹೊಸದಾಗಿ ಬರೆಯಬೇಕು. ಒಂದು ಇಡೀ ತಿಂಗಳ ಬಿಲ್ಲುಗಳನ್ನು ಎರಡೂ ಕಡೆ ತಯಾರಿಸಿ, ಮೊತ್ತಗಳನ್ನಷ್ಟೇ ಅಲ್ಲದೆ ಮುದ್ರಿತ ಪಠ್ಯವನ್ನೂ ತಾಳೆ ನೋಡುವವರೆಗೆ ಹಳೆಯದನ್ನು ನಿಲ್ಲಿಸಬೇಡಿ.

ಪ್ರಶ್ನೆ: ಪೋಸ್ಟ್‌ಗ್ರೆಸ್ಸನ್ನು ಹಾಗೆಯೇ ಇಟ್ಟು ರೆಡ್ ಹ್ಯಾಟ್ 7ರಿಂದ 8ಕ್ಕೆ ಹೋದರೆ ಅಪಾಯವೇನೂ ಇಲ್ಲವಲ್ಲವೇ?

ಉತ್ತರ: ಇದೆ. ಅಕ್ಷರಗಳ ಅನುಕ್ರಮಕ್ಕಾಗಿ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯನ್ನು ಅವಲಂಬಿಸುತ್ತದೆ, ಮತ್ತು 2018ರ 2.28ನೇ ಆವೃತ್ತಿಯಲ್ಲಿ ಆ ಅನುಕ್ರಮ ಬದಲಾಯಿತು. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು ಹೊಸ ಕ್ರಮದಲ್ಲಿ ಓದಿದಾಗ, ಟೇಬಲ್‌ನಲ್ಲಿರುವ ಗ್ರಾಹಕರ ಹೆಸರು ಹುಡುಕಿದರೆ ಸಿಗದೆ ಹೋಗಬಹುದು, ಒಂದೇ ಕೋಡ್ ಎರಡು ಬಾರಿ ಸೇರಿಕೊಳ್ಳಬಹುದು. ದತ್ತಾಂಶವನ್ನು ಡಂಪ್ (ಇಡೀ ದತ್ತಾಂಶದ ರಫ್ತು ಪ್ರತಿ) ತೆಗೆದು ಹೊಸ ಸರ್ವರ್‌ಗೆ ತುಂಬಿದರೆ ಇಂಡೆಕ್ಸ್‌ಗಳು ಹೊಸದಾಗಿ ಕಟ್ಟಿಕೊಳ್ಳುವುದರಿಂದ ಈ ತೊಂದರೆ ಇರದು. ಫೈಲುಗಳನ್ನು ಹಾಗೆಯೇ ಒಯ್ಯುವುದಾದರೆ ಬಳಕೆದಾರರನ್ನು ಒಳಗೆ ಬಿಡುವ ಮುನ್ನವೇ ಪಠ್ಯದ ಇಂಡೆಕ್ಸ್‌ಗಳನ್ನೆಲ್ಲ ಮರುಕಟ್ಟಿ. ತಡವಾಗಿ ಕಟ್ಟಹೊರಟರೆ, ಆ ವೇಳೆಗೆ ಸೇರಿಕೊಂಡ ಜೋಡಿ ದಾಖಲೆಗಳನ್ನು ಒಂದೊಂದಾಗಿ ತೆಗೆಯುವವರೆಗೆ ಯೂನಿಕ್ ಇಂಡೆಕ್ಸ್ (ಒಂದೇ ಮೌಲ್ಯ ಎರಡು ಬಾರಿ ಬರದಂತೆ ತಡೆಯುವುದು) ಕಟ್ಟಲಾಗುವುದಿಲ್ಲ.