ಕ್ವಿಕ್ ಹಿಚ್ ಕೊಳ್ಳುವ ಮೊದಲು ಟೇಪು ಹಿಡಿಯಿರಿ

ತೋಟದ ಯಂತ್ರ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನಮ್ಮದು ಅರಸೀಕೆರೆ ತಾಲ್ಲೂಕು, ಐದು ಎಕರೆ ತೆಂಗಿನ ತೋಟ. 24 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಇದೆ. ಮಗ ಬೆಂಗಳೂರು ಸೇರಿದ ಮೇಲೆ ಮಣ್ಣು ಪುಡಿ ಮಾಡುವ ರೋಟವೇಟರ್ ಬಿಚ್ಚಿ ಉಳುವ ಕಲ್ಟಿವೇಟರ್ ಕಟ್ಟುವುದು ದೊಡ್ಡ ಶಿಕ್ಷೆಯಾಗಿದೆ. ಮನೆಯವಳು ಹಾರೆ ಹಾಕಿ ಮೀಟುತ್ತಾಳೆ, ನಾನು ಪಿನ್ ತೂರಿಸುತ್ತೇನೆ, ಆಮೇಲೆ ಇಬ್ಬರೂ ಜಗಳ ಆಡುತ್ತೇವೆ. ಫೋನಿನಲ್ಲಿ ಕ್ವಿಕ್ ಹಿಚ್ ವಿಡಿಯೊ ನೋಡಿದೆ. ಸೀಟಿನಿಂದ ಇಳಿಯದೆಯೇ ಟ್ರ್ಯಾಕ್ಟರಿಗೆ ಸಲಕರಣೆ ಸಿಕ್ಕಿಸುತ್ತಾರೆ. ನಮ್ಮೂರಿನ ವೆಲ್ಡಿಂಗ್ ಅಂಗಡಿಯವರು ಅಂಥದ್ದೇ ಮಾಡಿಕೊಡುತ್ತೇನೆ ಅಂತಾರೆ. ಮಾಡಿಸಲಾ?

ಉತ್ತರ: ಜಗಳದ ವಿಷಯ ಓದಿ ನಗು ಬಂತು. ತಿಪಟೂರು ಕಡೆ ನಮ್ಮ ಮನೆಯಲ್ಲೂ ಇದೇ ಕಥೆ. 2016ರಲ್ಲಿ ನಮ್ಮ ಯಜಮಾನರಿಗೆ ಮಂಡಿನೋವು ಜಾಸ್ತಿಯಾಗಿ ಟ್ರ್ಯಾಕ್ಟರ್ ನನ್ನ ಪಾಲಿಗೆ ಬಂತು. ನಾನು ಹಿಂದಕ್ಕೆ ತರುವುದು, ಅವರು ಕೋಲು ಊರಿಕೊಂಡು ನಿಂತು "ಇನ್ನೊಂಚೂರು ಬಾ, ಬಾ, ಸಾಕು ಸಾಕು, ಅಯ್ಯೋ ಹೋಯ್ತಲ್ಲೇ" ಅನ್ನುವುದು. ಎರಡು ಬೆರಳು ತಪ್ಪಿದರೆ ಮತ್ತೆ ಮೊದಲಿನಿಂದ.

ಮಾಡಿಸಲಾ ಅಂತ ಕೇಳಿದ್ದೀರಿ. ಅದಕ್ಕೆ ಮುಂಚೆ ನಾನೊಂದು ಕೇಳುತ್ತೇನೆ. ವರ್ಷಕ್ಕೆ ಎಷ್ಟು ಸಲ ಬದಲಾಯಿಸುತ್ತೀರಿ? ಸುಮ್ನೆ ಅಂದಾಜು ಬೇಡ, ಬರೆದಿಡಿ. ನಾನು ಒಂದು ವರ್ಷ ಹಾಲಿನ ಲೆಕ್ಕದ ಪುಸ್ತಕದಲ್ಲೇ ಗುರುತು ಹಾಕಿದೆ, 31 ಸಲ ಆಗಿತ್ತು. ಮೊದಲ ಮಳೆ ಬಿದ್ದಾಗ ಕಲ್ಟಿವೇಟರ್. ಅಪ್ಸೆಣಬು ಮಣ್ಣಿಗೆ ಸೇರಿಸಲು ರೋಟವೇಟರ್. ಮಧ್ಯೆ ದಾರಿ ಸರಿಮಾಡಲು ಬ್ಲೇಡ್. ಪಕ್ಕದವರು ಬಂದು "ಅರ್ಧ ದಿನ ಹೊಡೆದುಕೊಡಿ" ಅಂದರೆ ಅದೊಂದು. ಇಷ್ಟು ಸಲ ಆದರೆ ಹಿಚ್ ಬೇಕು. ನಿಮ್ಮದು ನಾಲ್ಕೈದು ಸಲವಾದರೆ ದುಡ್ಡು ಉಳಿಸಿಕೊಳ್ಳಿ, ಹಿಚ್ ಇಲ್ಲದೆಯೇ ಅರ್ಧ ಕಷ್ಟ ಕಡಿಮೆ ಮಾಡುವ ದಾರಿ ಇದೆ.

ಆ ದಾರಿ ಯಾವುದು ಅಂದರೆ ನೆಲ. ನಮ್ಮ ಕೊಬ್ಬರಿ ಅಟ್ಟದ ಕೆಳಗೆ ಎಂಟು ಅಡಿ ಅಗಲ, ಹನ್ನೆರಡು ಅಡಿ ಉದ್ದ ಕಾಂಕ್ರೀಟ್ ಹಾಕಿಸಿದೆ. ಮೇಲೆ ಕಾಯಿ ಒಣಗುತ್ತಿರುತ್ತದೆ, ಕೆಳಗೆ ಸಲಕರಣೆ ನಿಂತಿರುತ್ತದೆ. ಮಣ್ಣಿನ ಮೇಲೆ ನಿಲ್ಲಿಸಿದ ರೋಟವೇಟರ್ ಮಳೆಗಾಲದಲ್ಲಿ ಒಂದು ಕಡೆ ಹೂತು ಓರೆಯಾಗುತ್ತದೆ. ಓರೆಯಾದದ್ದಕ್ಕೆ ಪಿನ್ ತೂರಿಸಲು ಹೋದರೆ ಹಾರೆ ಬೇಕೇ ಬೇಕು. ಸಮತಟ್ಟು ನೆಲದಲ್ಲಿ, ಬಿಚ್ಚಿದ ಜಾಗದಲ್ಲೇ ಬಿಟ್ಟಿದ್ದರೆ ಟ್ರ್ಯಾಕ್ಟರ್ ಅದೇ ಗೆರೆಯಲ್ಲಿ ವಾಪಸ್ ಬಂದು ಕೂರುತ್ತದೆ. ಚಕ್ರದ ಜಾಡಿಗೆ ಬಿಳಿ ಬಣ್ಣದ ಗೆರೆ ಎಳೆದಿದ್ದೇನೆ. ನೋಡಿದವರು ನಕ್ಕರು. ನಗಲಿ.

ಕಟ್ಟುವ ಕ್ರಮವೂ ಮುಖ್ಯ. ಸಲಕರಣೆ ಹಿಡಿಯಲು ಟ್ರ್ಯಾಕ್ಟರಿನ ಹಿಂದೆ ಮೂರು ತೋಳು ಇರುತ್ತವೆ, ಕೆಳಗಿನ ಎರಡು ಲೋವರ್ ಲಿಂಕ್, ಮೇಲಿನ ಒಂದು ಟಾಪ್ ಲಿಂಕ್. ಮೊದಲು ಎಡಗಡೆ ಲೋವರ್ ಲಿಂಕ್. ಅದನ್ನು ಸುಲಭವಾಗಿ ಎತ್ತರ ತಗ್ಗು ಮಾಡಲು ಆಗುವುದಿಲ್ಲ, ಟ್ರ್ಯಾಕ್ಟರನ್ನೇ ಸರಿಯಾಗಿ ನಿಲ್ಲಿಸಬೇಕು. ಬಲಗಡೆಗೆ ತಿರುಗಿಸುವ ಹಿಡಿ ಇರುತ್ತದೆ, ಅದನ್ನು ಆಮೇಲೆ ಹೊಂದಿಸಿಕೊಳ್ಳಬಹುದು. ಕೊನೆಗೆ ಟಾಪ್ ಲಿಂಕ್. ಬಿಚ್ಚುವಾಗ ತಿರುಗಾ ಮುರುಗಾ. ತುಂಬಾ ಜನ ಬಲಗಡೆ ಮೊದಲು ಹಾಕಿ, ಎಡಗಡೆಗೆ ಹಾರೆ ಹಿಡಿದು ಬೆವರು ಸುರಿಸುತ್ತಾರೆ. ನಿಮ್ಮ ಜಗಳದ ಮೂಲವೂ ಅಲ್ಲೇ ಇರಬಹುದು!

ಈಗ ಹಿಚ್ ವಿಷಯ. ಇದು ತಲೆಕೆಳಗಾದ ಯು ಆಕಾರದ ಕಬ್ಬಿಣದ ಚೌಕಟ್ಟು. ಟ್ರ್ಯಾಕ್ಟರಿನ ಮೂರು ಲಿಂಕಿಗೂ ಒಂದು ಸಲ ಕಟ್ಟಿಬಿಟ್ಟರೆ ಅಲ್ಲೇ ಇರುತ್ತದೆ. ಕೆಳಗೆ ಎರಡು, ಮೇಲೆ ಒಂದು ಕೊಕ್ಕೆ. ಬಾಯಿ ಆಕಾಶಕ್ಕೆ. ಚೌಕಟ್ಟು ತಗ್ಗಿಸಿಕೊಂಡು ಹಿಂದಕ್ಕೆ ಬಂದು ಸಲಕರಣೆಯ ಪಿನ್ನುಗಳ ಅಡಿಗೆ ಕೊಕ್ಕೆ ತೂರಿಸಿ ಹೈಡ್ರಾಲಿಕ್ ಎತ್ತಿದರೆ ಮೂರೂ ಪಿನ್ನು ಕೊಕ್ಕೆಯಲ್ಲಿ ಕೂರುತ್ತವೆ. ಕೆಳಗಿನ ಕೊಕ್ಕೆಗಳ ಚಿಲಕ ಬಿದ್ದರೆ ಕೆಲಸ ಮುಗಿಯಿತು. ಕಲ್ಟಿವೇಟರಿಗೆ ನನಗೆ ಈಗ ಎರಡು ನಿಮಿಷ ಸಾಕು. ರೋಟವೇಟರಿಗೆ ಮಾತ್ರ ಇಳಿಯಲೇಬೇಕು. ಟ್ರ್ಯಾಕ್ಟರಿನ ತಿರುಗುವ ಬಲವನ್ನು ರೋಟವೇಟರಿಗೆ ಕೊಡುವ ದಂಡ, ಅಂದರೆ ಪಿಟಿಓ ಶಾಫ್ಟ್, ಕೈಯಲ್ಲೇ ಹಾಕಬೇಕಲ್ವಾ? ವಿಡಿಯೊದವರು ಯಾಕೆ ಯಾವಾಗಲೂ ಬ್ಲೇಡನ್ನೇ ಸಿಕ್ಕಿಸಿ ತೋರಿಸುತ್ತಾರೆ ಅಂತ ಈಗ ಗೊತ್ತಾಯಿತಲ್ಲ.

ನಿಮ್ಮ ಹಳೆಯ ಸಲಕರಣೆ ಈ ಕೊಕ್ಕೆಗೆ ಕೂರುತ್ತದಾ ಅನ್ನುವುದೇ ನಿಜವಾದ ತಲೆನೋವು. ಟೇಪು ತೆಗೆದುಕೊಂಡು ಹೋಗಿ. ಲಿಂಕು, ಪಿನ್ನುಗಳ ಅಳತೆಯ ವರ್ಗಕ್ಕೆ ಕೆಟಗರಿ ಅನ್ನುತ್ತಾರೆ. ಕೆಳಗಿನ ಎರಡು ಪಿನ್ನುಗಳ ಅಂತರ ಒಂದನೇ ಕೆಟಗರಿಯಲ್ಲಿ 683 ಮಿಲಿಮೀಟರ್, ಅಂದರೆ 27 ಇಂಚಿಗೆ ಕೂದಲಷ್ಟು ಕಡಿಮೆ. ಇದು ಸಾಮಾನ್ಯವಾಗಿ ಸರಿ ಇರುತ್ತದೆ. ಪಿನ್ನಿನ ದಪ್ಪ 22 ಮಿಲಿಮೀಟರ್. ಆದರೆ ಹಿಚ್ಚಿನ ಕೊಕ್ಕೆ 36-37 ಮಿಲಿಮೀಟರ್ ದಪ್ಪಕ್ಕೆ ಮಾಡಿದ್ದು. ಹಾಗಾಗಿ ಪಿನ್ನಿಗೆ ಬುಷ್, ಅಂದರೆ ಅದರ ಮೇಲೆ ಕೂರುವ ದಪ್ಪ ಕೊಳವೆ, ಹಾಕಬೇಕು. ಇಲ್ಲದಿದ್ದರೆ ಪಿನ್ನು ಒಳಗೆ ಡಬಡಬ ಹೊಡೆದುಕೊಂಡು ಒಂದೇ ಹಂಗಾಮಿನಲ್ಲಿ ಸವೆಯುತ್ತದೆ. ಮೇಲಿನ ಪಿನ್ನು 19, ಅದಕ್ಕೂ 32ರ ಬುಷ್.

ನಾನು ಎಡವಿದ್ದು ಎತ್ತರದಲ್ಲಿ. ಹಿಚ್ಚಿನ ಲೆಕ್ಕದಲ್ಲಿ ಕೆಳಗಿನ ಪಿನ್ನಿನಿಂದ ಮೇಲಿನ ಪಿನ್ನಿಗೆ 15 ಇಂಚು. ನೇರವಾಗಿ ಟಾಪ್ ಲಿಂಕಿಗೆ ಕಟ್ಟುವಂತೆ ಮಾಡಿದ ಎಷ್ಟೋ ಸಲಕರಣೆಗಳಲ್ಲಿ ಅದು 18 ಇಂಚು. ನನ್ನ ಐದು ಹಲ್ಲಿನ ಕಲ್ಟಿವೇಟರ್ ಅಂಥದ್ದೇ. ಕೆಳಗಿನ ಎರಡು ಕೊಕ್ಕೆ ಚೆನ್ನಾಗಿ ಕೂತವು, ಮೇಲಿನದು ಪಿನ್ನಿಗಿಂತ ಮೂರು ಇಂಚು ಕೆಳಗೆ ಗಾಳಿಯಲ್ಲಿ ಬಾಯಿ ತೆರೆದು ನಿಂತಿತು. ಕೊನೆಗೆ ಕಲ್ಟಿವೇಟರಿನ ಕಂಬಕ್ಕೆ ದಪ್ಪ ಪಟ್ಟಿ ಬೆಸೆದು ಕೆಳಗೆ ಇನ್ನೊಂದು ತೂತು ಮಾಡಿಸಬೇಕಾಯಿತು. ರೋಟವೇಟರಿನದು ಬೇರೆ ತಕರಾರು. ಮೇಲಿನ ಪಿನ್ನು ಹಿಡಿಯುವ ಎರಡು ಪಟ್ಟಿಗಳ ನಡುವೆ ಕೊಕ್ಕೆ ನುಗ್ಗುವಷ್ಟು ಜಾಗವೇ ಇರಲಿಲ್ಲ. ಬುಷ್, ಲೇತ್ ಕೆಲಸ, ಪಟ್ಟಿ ಎಲ್ಲ ಸೇರಿ 2,600 ರೂಪಾಯಿ. ಹಿಚ್ಚಿನ ಬೆಲೆ ಹೇಳುವವರು ಈ ಲೆಕ್ಕ ಹೇಳುವುದಿಲ್ಲ. ಮೇಲಿನ ಕೊಕ್ಕೆ ಎತ್ತರ ತಗ್ಗು ಮಾಡಲು ಬರುವಂಥ ಹಿಚ್ ಸಿಕ್ಕರೆ ಅದನ್ನೇ ಆರಿಸಿ.

ವೆಲ್ಡಿಂಗ್ ಅಂಗಡಿಯ ಮಾತಿಗೆ ಬರುತ್ತೇನೆ. ನನ್ನ ಮೊದಲ ಹಿಚ್ ಕೂಡ ಹಾಗೆಯೇ ಮಾಡಿಸಿದ್ದು. ಯಾರು ಅಂತ ಹೇಳುವುದಿಲ್ಲ, ಒಳ್ಳೆಯ ಮನುಷ್ಯ. ಚಿಲಕ ಎಲ್ಲಿ ಅಂತ ಕೇಳಿದ್ದಕ್ಕೆ "ತೂಕಕ್ಕೇ ಕೂತಿರುತ್ತೆ ಬಿಡಕ್ಕ" ಅಂದರು. ನಾನೂ ಹೌದು ಅಂದುಕೊಂಡೆ. ಒಂದು ತಿಂಗಳು ಏನೂ ಆಗಲಿಲ್ಲ. ಒಂದು ದಿನ ಪಕ್ಕದ ಹೊಲಕ್ಕೆ ಬದು ದಾಟುವಾಗ ಕಲ್ಟಿವೇಟರಿನ ಹಲ್ಲು ಬದುವಿಗೆ ತಗುಲಿತು. ತೂಕವೆಲ್ಲ ನೆಲದ ಮೇಲೆ ಹೋಯಿತು, ಟ್ರ್ಯಾಕ್ಟರಿನ ಹಿಂಭಾಗ ಇಳಿಯಿತು, ಎಡಗಡೆ ಪಿನ್ನು ಕೊಕ್ಕೆಯಿಂದ ಸಲೀಸಾಗಿ ಮೇಲೆದ್ದು ಆಚೆ ಬಂತು. ಕಲ್ಟಿವೇಟರ್ ಓರೆಯಾಗಿ ತೂಗಿ ಹಿಂದಿನ ಟೈರಿನ ಪಕ್ಕವನ್ನು ಸೀಳಿತು. ಹಿಂದೆ ಯಾರೂ ನಡೆದು ಬರುತ್ತಿರಲಿಲ್ಲ, ಅಷ್ಟೇ ಪುಣ್ಯ.

ಹಾಗಾಗಿ ಮಾಡಿಸುವುದಾದರೆ ಮಾಡಿಸಿ, ಚಿಲಕ ಇಲ್ಲದೆ ಮಾತ್ರ ಅಂಗಡಿ ಬಿಟ್ಟು ತರಬೇಡಿ. ಸ್ಪ್ರಿಂಗಿನಿಂದ ತಾನಾಗಿ ಬೀಳುವ ಚಿಲಕ ಆಗಲಿ, ಅದರ ಮೇಲೊಂದು ಪಿನ್ ಇರಲಿ. ಕೊಕ್ಕೆಯನ್ನು ದಪ್ಪ ಪ್ಲೇಟಿನಿಂದ ಒಂದೇ ತುಂಡಾಗಿ ಕತ್ತರಿಸಲಿ. ಸರಳು ಬಗ್ಗಿಸಿದ ಕೊಕ್ಕೆ ಬೇಡ. ಮತ್ತೆ ಅಳತೆ ಚೀಟಿಯಲ್ಲಿ ಬರೆದುಕೊಡಬೇಡಿ. ಟ್ರ್ಯಾಕ್ಟರ್, ರೋಟವೇಟರ್, ಕಲ್ಟಿವೇಟರ್ ಮೂರನ್ನೂ ಅಂಗಡಿ ಮುಂದೆ ನಿಲ್ಲಿಸಿ.

ಇನ್ನೊಂದು ಮಾತು. ಚೌಕಟ್ಟೇ 30 ಕೆಜಿ ಆಸುಪಾಸು ಇರುತ್ತದೆ, ಸಲಕರಣೆಯನ್ನು ನಾಲ್ಕು ಇಂಚಿನಷ್ಟು ಹಿಂದಕ್ಕೆ ತಳ್ಳುತ್ತದೆ. ನನ್ನ ಟ್ರ್ಯಾಕ್ಟರಿನ ಪುಸ್ತಕದಲ್ಲಿ 750 ಕೆಜಿ ಎತ್ತುತ್ತದೆ ಅಂತಿದೆ. ಅದು ಲೋವರ್ ಲಿಂಕಿನ ತುದಿಯ ಲೆಕ್ಕ. ಹಿಂದಕ್ಕೆ ಹೋದಷ್ಟೂ ಎತ್ತುವ ಬಲ ಕಡಿಮೆ, ಮುಂದಿನ ಚಕ್ರ ಹಗುರ. ನನ್ನ 200 ಕೆಜಿ ರೋಟವೇಟರಿಗೆ ಏನೂ ತೊಂದರೆ ಇಲ್ಲ. ಏರಿನಲ್ಲಿ ಸ್ಟೇರಿಂಗ್ ಹಗುರ ಅನ್ನಿಸಿದ್ದಕ್ಕೆ ಮುಂದೆ ತೂಕದ ಬಿಲ್ಲೆ ಹಾಕಿಸಿದೆ.

ಪ್ರಶ್ನೆ: ಕಡೂರು ಕಡೆಯವನು. ಕ್ವಿಕ್ ಹಿಚ್ ಹಾಕಿ ಎರಡನೇ ದಿನ, ಸಾಲಿನ ಕೊನೆಯಲ್ಲಿ ರೋಟವೇಟರ್ ಎತ್ತಿದಾಗ ಪಿಟಿಓ ಶಾಫ್ಟ್ ಎರಡು ತುಂಡಾಗಿ ಕಳಚಿಕೊಂಡಿತು. ಮುರಿದಿಲ್ಲ, ಬರೀ ಆಚೆ ಬಂತು. ಶಾಫ್ಟ್ ಹಾಳಾಗಿದೆಯೇ?

ಉತ್ತರ: ಶಾಫ್ಟ್ ಸರಿಯಾಗಿದೆ, ಉದ್ದ ಸಾಲದಾಗಿದೆ. ಮೇಲೆ ಹೇಳಿದ ನಾಲ್ಕು ಇಂಚನ್ನು ನಿಮ್ಮ ಶಾಫ್ಟ್ ತನ್ನ ಒಳಗಿನಿಂದ ಕೊಟ್ಟಿದೆ. ಅದು ಒಂದರೊಳಗೊಂದು ಜಾರುವ ಕೊಳವೆ ತಾನೇ? ಅತಿ ಉದ್ದ ಎಳೆದಾಗಲೂ ಕೊಳವೆಯ ಮೂರನೇ ಒಂದು ಭಾಗವಾದರೂ ಒಳಗೆ ಇರಬೇಕು. ಇಂಜಿನ್ ಆಫ್ ಮಾಡಿಯೇ ಅಳೆಯಿರಿ. ರೋಟವೇಟರನ್ನು ಪೂರ್ತಿ ಇಳಿಸಿ, ನಡುವೆ, ಪೂರ್ತಿ ಎತ್ತಿ, ಪ್ರತಿ ಸಲ ಇಂಜಿನ್ ನಿಲ್ಲಿಸಿ ಒಳಕೊಳವೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಎತ್ತಿ ನಿಲ್ಲಿಸಿ ಅಳೆಯುವಾಗ ಅಡಿಗೆ ಗಟ್ಟಿ ದಿಮ್ಮಿ ಕೊಡಿ, ಹೈಡ್ರಾಲಿಕ್ ನಂಬಬೇಡಿ. ಮೂರನೇ ಒಂದು ಭಾಗ ಸಿಗದಿದ್ದರೆ ಉದ್ದದ ಶಾಫ್ಟ್ ತನ್ನಿ. ಇದ್ದದ್ದಕ್ಕೇ ತುಂಡು ಬೆಸೆಯುತ್ತೇನೆ ಅನ್ನುವವರಿಗೆ ಕೈಮುಗಿದು ಬಂದುಬಿಡಿ. ಶಾಫ್ಟ್ ತಿರುಗುವ ವೇಗ 540 ಆರ್‌ಪಿಎಂ ಅಂದರೆ ಸೆಕೆಂಡಿಗೆ 9 ಸುತ್ತು. ಬೆಸೆದ ಜಾಗ ಸ್ವಲ್ಪ ಡೊಂಕಾದರೂ ಅದು ಸುಮ್ಮನಿರುವುದಿಲ್ಲ.

ಉದ್ದದ ಶಾಫ್ಟ್ ತಂದ ಮೇಲೆ ಇನ್ನೊಂದು ಅಪಾಯ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಯಾವತ್ತೋ ಹಿಚ್ ಬಿಚ್ಚಿ ನೇರವಾಗಿ ಲಿಂಕಿಗೇ ರೋಟವೇಟರ್ ಕಟ್ಟಿದಿರಿ ಅನ್ನಿ. ಈಗ ಜಾಗ ನಾಲ್ಕು ಇಂಚು ಕಡಿಮೆ. ಶಾಫ್ಟ್ ಪೂರ್ತಿ ಒಳಗೆ ಹೋಗಿ ತಳ ಮುಟ್ಟುತ್ತದೆ, ಟ್ರ್ಯಾಕ್ಟರಿನ ಪಿಟಿಓ ಬೇರಿಂಗ್ ಅಥವಾ ರೋಟವೇಟರಿನ ಗೇರ್‌ಬಾಕ್ಸಿಗೆ ಗುದ್ದುತ್ತದೆ. ಖರ್ಚು ಅಲ್ಲಿ ಬರುತ್ತದೆ. ನಾನು ಎರಡೂ ಶಾಫ್ಟ್ ಇಟ್ಟುಕೊಂಡು ಉದ್ದದ್ದಕ್ಕೆ ಕೆಂಪು ಬಣ್ಣ ಬಳಿದಿದ್ದೇನೆ.

ಸಾಲಿನ ಕೊನೆಯಲ್ಲಿ ಎತ್ತುವ ಮುಂಚೆ ಪಿಟಿಓ ಬಿಡಿಸುವ ಅಭ್ಯಾಸ ಮಾಡಿಕೊಳ್ಳಿ. ಶಾಫ್ಟಿನ ಪ್ಲಾಸ್ಟಿಕ್ ಕವರು ಒಡೆದಿದ್ದರೆ ಹೊಸದು ಹಾಕಿ. ಟವೆಲ್ ಹೆಗಲ ಮೇಲೆ ಬೇಡ. ನಾನು ಸೀರೆಯ ಮೇಲೆ ಯಜಮಾನರ ಹಳೆ ಶರ್ಟು ಹಾಕಿ ಸೆರಗನ್ನು ಒಳಗೆ ಸಿಕ್ಕಿಸಿಯೇ ಹತ್ತುವುದು.

ಪ್ರಶ್ನೆ: ಟ್ರ್ಯಾಕ್ಟರ್ ಒಂದು ಕಂಪನಿ, ರೋಟವೇಟರ್ ಇನ್ನೊಂದು. ಹಿಚ್ ಮೂರನೇ ಕಂಪನಿಯದು ತಂದರೆ ಕೂರುತ್ತದಾ? ನನ್ನದು 18 ಎಚ್‌ಪಿ.

ಉತ್ತರ: ಕಂಪನಿ ಯಾವುದಾದರೂ ಪರವಾಗಿಲ್ಲ, ಮೂರರ ಕೆಟಗರಿಯೂ ಒಂದೇ ಆಗಿರಬೇಕು. ಈ ಮೂರು ಲಿಂಕಿನ ವ್ಯವಸ್ಥೆ ಹ್ಯಾರಿ ಫರ್ಗುಸನ್ ಅನ್ನುವ ಐರ್ಲೆಂಡಿನವರ ತಲೆಯಿಂದ ಬಂದದ್ದು. 1936ರಲ್ಲಿ ಅವರ ಸ್ವಂತ ಟ್ರ್ಯಾಕ್ಟರಿನಲ್ಲಿ ಬಂತು, 1939ರಲ್ಲಿ ಫೋರ್ಡ್ ಟ್ರ್ಯಾಕ್ಟರಿಗೂ ಬಂತು. ಅವರಿಗೂ ಹೆನ್ರಿ ಫೋರ್ಡ್‌ಗೂ ನಡುವೆ ಆದದ್ದು ಬರೀ ಕೈಕುಲುಕಿದ ಒಪ್ಪಂದ, ಕಾಗದ ಇರಲಿಲ್ಲ. ಆಮೇಲೆ ಫೋರ್ಡ್ ಕಂಪನಿಯ ಮೇಲೆ ಕೋರ್ಟಿಗೆ ಹೋಗಿ 1952ರಲ್ಲಿ ರಾಜಿಯಾಯಿತು. ಜಮೀನು ಗುತ್ತಿಗೆಗೆ ಕೊಡುವವರು ಈ ಕಥೆ ನೆನಪಿಟ್ಟುಕೊಂಡರೆ ಒಳ್ಳೆಯದು. ಅದಿರಲಿ. ಅವತ್ತಿನ ಆ ಮೂರು ಮೂಲೆಯೇ ಇವತ್ತು ಎಲ್ಲ ಕಂಪನಿಗಳಿಗೂ ಕೆಟಗರಿ ಅಳತೆಯಾಗಿ ಉಳಿದಿದೆ.

ನಿಮ್ಮ 18 ಎಚ್‌ಪಿಗೆ ಮಾತ್ರ ಎಚ್ಚರ. ಚಿಕ್ಕ ಟ್ರ್ಯಾಕ್ಟರ್‌ಗಳಲ್ಲಿ ಕೆಲವು 1ಎನ್ ಕೆಟಗರಿ. ಪಿನ್ನು ಅದೇ 22 ಮಿಲಿಮೀಟರ್, ಆದರೆ ಎರಡರ ಅಂತರ 683 ಅಲ್ಲ, 400. ಪಿನ್ನು ತೂರಿಸಿ ನೋಡಿದರೆ ಸರಿ ಅನ್ನಿಸುತ್ತದೆ, ಚೌಕಟ್ಟು ತಂದ ಮೇಲೆ ಲಿಂಕು ಎರಡನ್ನೂ ಎಳೆದು ಅಗಲಿಸಬೇಕಾಗುತ್ತದೆ. ಅಗಲಿಸಿದರೆ ಅಲುಗಾಟ ತಡೆಯುವ ಚೈನು ಬಿಗಿಯಾಗಿ ಎಳೆಯುತ್ತದೆ, ಇಲ್ಲವೇ ಲಿಂಕು ಟೈರಿಗೆ ಉಜ್ಜುತ್ತದೆ. ಟ್ರ್ಯಾಕ್ಟರ್ ಪುಸ್ತಕದಲ್ಲಿ 1 ಅಂತಿದೆಯೋ 1ಎನ್ ಅಂತಿದೆಯೋ ನೋಡಿ. ಪುಸ್ತಕ ಕಳೆದಿದ್ದರೆ ಈಗ ಕಟ್ಟಿರುವ ರೋಟವೇಟರಿನ ಕೆಳಗಿನ ಎರಡು ಪಿನ್ನುಗಳ ಅಂತರವನ್ನೇ ಅಳೆದು, ಸಂಖ್ಯೆ ಬರೆದು ಕಳಿಸಿ.